ಮೊಣಕೈ ಮೇಲಿನ ಬಳೆ

ನಾನು ಮುಂಗೋಪಿ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವ ರಾದ್ಧಾಂತಕ್ಕೆಲ್ಲ ಅದೇ ಮೂಲ. ಚಾಮರಾಜನಗರದ ಹೆರಿಗೆ ವಾರ್ಡಿನ ಹಿಂದೆ ಹಂಚು ಹೊದಿಸಿದ ಎರಡು ಕೋಣೆ, ಒಂದು ಜಗಲಿ, ಒಂದು ಕೊಳಾಯಿ. ಹೆರಿಗೆ ಮಾಡಿಸುವ ದಾಯಿಯರಿಗೆ ತರಬೇತಿ ಕೊಡುವ ನಮ್ಮ ಶಾಲೆ ಅಂದರೆ ಇಷ್ಟೇ. 1951ರಲ್ಲಿ ಶುರುವಾದಾಗಿನಿಂದ ಪಾಠ ಹೇಳುವವಳು ನಾನೇ, ಹಾಜರಿ ಹಾಕುವವಳು ನಾನೇ, ಸಂಜೆ ಬಾಗಿಲಿಗೆ ಬೀಗ ಜಡಿಯುವವಳೂ ನಾನೇ. ಹೆಸರು ಸೋಮಮ್ಮ, ಹುಟ್ಟಿದೂರು ಹರದನಹಳ್ಳಿ. ಹುಡುಗಿಯರು ಎದುರಿಗೆ ‘ಸಿಸ್ಟರ್’ ಎನ್ನುತ್ತಿದ್ದರು. ಬೆನ್ನ ಹಿಂದೆ ಏನೆನ್ನುತ್ತಿದ್ದರೋ, ನಾನು ಕಿವಿಗೊಡಲು ಹೋಗಲಿಲ್ಲ.

ಬೆಳಿಗ್ಗೆ ಆರೂವರೆಗೆ ಎಲ್ಲರೂ ಜಗಲಿಯಲ್ಲಿ ಸಾಲಾಗಿ ನಿಂತು ಕೈ ಮುಂದೆ ಚಾಚಬೇಕು. ಉಗುರು ನೋಡುತ್ತಿದ್ದೆ, ಕೂದಲು ನೋಡುತ್ತಿದ್ದೆ, ಮಣಿಕಟ್ಟು ನೋಡುತ್ತಿದ್ದೆ. ಬಿಳಿ ಸೀರೆ, ಮುಡಿಗೆ ಹೂವಿಲ್ಲ, ಕೈಗೆ ಬಳೆಯಿಲ್ಲ. ಹೆರಿಗೆ ಮಾಡಿಸುವ ಕೈಯಲ್ಲಿ ಬಳೆ ಇದ್ದರೆ ಅದರ ಸಂದಿಯಲ್ಲಿ ಕೊಳೆ ಕೂರುತ್ತದೆ, ಆ ಕೊಳೆ ಬಾಣಂತಿಯ ಜ್ವರವಾಗುತ್ತದೆ, ಆ ಜ್ವರ ಎಷ್ಟು ಮನೆಯ ದೀಪ ಆರಿಸಿದೆ ಎಂದು ನಾನು ಕಣ್ಣಾರೆ ಕಂಡಿದ್ದೆ. ಆದ್ದರಿಂದ ಈ ವಿಷಯದಲ್ಲಿ ನನ್ನ ಹತ್ತಿರ ಯಾರ ಆಟವೂ ನಡೆಯುತ್ತಿರಲಿಲ್ಲ. ವಾರ್ಡಿನಲ್ಲಿ ಮಾತ್ರವಲ್ಲ, ಪಾಠದ ಹೊತ್ತು, ಊಟದ ಹೊತ್ತು, ಬಟ್ಟೆ ಒಗೆಯುವ ಹೊತ್ತು, ಯಾವಾಗಲೂ ಬರಿಗೈ. ಬಳೆ ಬೇಕೆಂದರೆ ಊರಿಗೆ ಹೋಗುವಾಗ ಹಾಕಿಕೊಳ್ಳಲಿ ಎಂದಿದ್ದೆ.

1956ರ ಬೇಸಿಗೆಯಲ್ಲಿ ಮೈಸೂರಿನಿಂದ ಒಂದು ಕಾಗದ ಬಂತು. ತಿಂಗಳ ಕೊನೆಗೆ ತಪಾಸಣೆ. ಅಂದು ಎಂಟು ಜನ ವಿದ್ಯಾರ್ಥಿನಿಯರು ಹಾಜರಿದ್ದರೆ ಶಾಲೆ ಮುಂದುವರಿಯುತ್ತದೆ. ಒಬ್ಬಳು ಕಡಿಮೆಯಾದರೂ ಮುಚ್ಚಿ, ಇರುವವರನ್ನು ಮೈಸೂರಿಗೆ ಸೇರಿಸುತ್ತಾರೆ. ಮೈಸೂರಿಗೆ ಕಳಿಸಿ ಎಂದರೆ ನಮ್ಮ ಕಡೆಯ ಯಾವ ಮನೆಯವರೂ ಕಳಿಸುವುದಿಲ್ಲ ಎಂಬುದು ಆ ಕಾಗದ ಬರೆದವರಿಗೆ ಗೊತ್ತಿರಲಿಲ್ಲ. ನರ್ಸು ಅಂದರೆ ಕೇರಳದ ಕಡೆಯಿಂದಲೇ ಬರಬೇಕು ಎಂದು ಜನ ನಂಬಿದ್ದ ಕಾಲ. ಸಂತೆಮರಹಳ್ಳಿ, ಬದನಗುಪ್ಪೆ, ಹರದನಹಳ್ಳಿ ಎಂದು ಮನೆ ಮನೆ ಸುತ್ತಿ, ಅಪ್ಪಂದಿರ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಮಾಡಿ ನಾನು ಕೂಡಿಹಾಕಿದ್ದು ಸರಿಯಾಗಿ ಎಂಟೇ ಹುಡುಗಿಯರನ್ನು.

ಅವರಲ್ಲಿ ಗುರುಮಲ್ಲಮ್ಮ ಗುಂಡ್ಲುಪೇಟೆಯವಳು. ಇಪ್ಪತ್ತು ವರ್ಷ, ಮಿಡ್ಲ್ ಸ್ಕೂಲು ಪಾಸು, ಮದುವೆಯಾಗಿ ಎರಡು ವರ್ಷ. ಗಂಡ ಮರಿಯಯ್ಯ ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ಓಡಾಡುವ ಬಸ್ಸಿನ ಕಂಡಕ್ಟರು. ಅತ್ತೆ ಮೂಗಮ್ಮ ಗುಂಡ್ಲುಪೇಟೆಯ ಹೆಸರುವಾಸಿ ಸೂಲಗಿತ್ತಿ. ಆ ಮನೆಯ ಗುಣವೋ ಏನೋ, ಹುಡುಗಿಗೆ ಬೆರಳ ತುದಿಯಲ್ಲೇ ಬುದ್ಧಿ. ಬಸುರಿಯ ಹೊಟ್ಟೆಯ ಮೇಲೆ ಕೈಯಿಟ್ಟರೆ ಮಗುವಿನ ತಲೆ ಎಲ್ಲಿದೆ, ಬೆನ್ನು ಎತ್ತಲಿದೆ ಎಂದು ಡಾಕ್ಟರಿಗಿಂತ ಮೊದಲೇ ಹೇಳುತ್ತಿದ್ದಳು. ನಾನು ಅವಳನ್ನು ಒಂದು ದಿನವೂ ಹೊಗಳಲಿಲ್ಲ. ಮನಸ್ಸಿನಲ್ಲಿ ಮಾತ್ರ ನನ್ನ ನಂತರ ಈ ಬೀಗದ ಕೈ ಇವಳಿಗೇ ಎಂದು ಗೊತ್ತುಮಾಡಿಕೊಂಡಿದ್ದೆ.

ತಪಾಸಣೆಗೆ ಇನ್ನು ಹತ್ತು ದಿನವಿದೆ ಎನ್ನುವಾಗ ಮೂಗಮ್ಮ ಸೊಸೆಯನ್ನು ನೋಡಲು ಬಂದಳು. ಹೇಳಿ ಕಳಿಸಿರಲಿಲ್ಲ, ಮಗನ ಬಸ್ಸಿನಲ್ಲೂ ಬರಲಿಲ್ಲ. ತೆರಕಣಾಂಬಿಯ ನೆಂಟರ ಗಾಡಿ ಈ ಕಡೆ ಬರುತ್ತಿತ್ತೆಂದು ಹುರಿಹಿಟ್ಟಿನ ಗಂಟು ಕಟ್ಟಿಕೊಂಡು ಅದರಲ್ಲೇ ಹತ್ತಿ ಕೂತಿದ್ದಳು. ಗೇಟಿನೊಳಗೆ ಕಾಲಿಡುವ ಹೊತ್ತಿಗೆ ಗುರುಮಲ್ಲಮ್ಮ ವಾರ್ಡಿನಿಂದ ಬರುತ್ತಿದ್ದಳು. ಬಿಳಿ ಸೀರೆ. ಬರಿಗೈ. ಕಾರ್ಬಾಲಿಕ್ ಔಷಧಿಯ ಘಾಟಿಗೆ ಕೆಂಪಾದ ಕಣ್ಣು.

ಮೂಗಮ್ಮನ ಕೈಯಿಂದ ಗಂಟು ಜಾರಿಬಿತ್ತು.

“ಅಯ್ಯೋ ನನ್ ಕಂದಾ!” ಎಂದು ಎದೆ ಹೊಡೆದುಕೊಂಡಳು. “ನಂಗೊಂದ್ ಮಾತ್ ಯೋಳ್ನಿಲ್ವಲ್ಲ! ಯಾವಾಗ್ಲೇ ಆಯ್ತು?”

ಅತ್ತೆ ಅಷ್ಟು ದೂರದಿಂದ ಹೇಳದೆ ಕೇಳದೆ ಬಂದು ಎದೆ ಬಡಿದುಕೊಳ್ಳುವುದನ್ನು ಕಂಡು ಗುರುಮಲ್ಲಮ್ಮ, ಗಂಡನಿಗೆ ಬಸ್ಸಿನಲ್ಲಿ ಏನೋ ಆಗಿದೆ, ಹೇಳಲು ಬಂದಿದ್ದಾರೆ ಎಂದುಕೊಂಡಳು. “ಅತ್ತೇ!” ಎಂದು ಚೀರಿ ಅವಳನ್ನು ತಬ್ಬಿಕೊಂಡಳು. ಸೊಸೆ ಹೀಗೆ ಚೀರಿದ ಮೇಲೆ ಮೂಗಮ್ಮನಿಗೆ ಇದ್ದ ಅನುಮಾನವೂ ಹೋಯಿತು. ಇಬ್ಬರೂ ನೆಲಕ್ಕೆ ಕುಸಿದು ಗೋಳೋ ಎಂದು ಅಳತೊಡಗಿದರು. ಹೇಗೆ ಸತ್ತನೆಂದು ಇವಳು ಅವಳನ್ನು ಕೇಳಲಿಲ್ಲ, ಅವಳು ಇವಳನ್ನು ಕೇಳಲಿಲ್ಲ.

ನಾನು ಹೊರಗೆ ಬರುವಷ್ಟರಲ್ಲಿ ಅರ್ಧ ಬೀದಿ ನೆರೆದಿತ್ತು. ಕಂಡಕ್ಟರ್ ಮರಿಯಯ್ಯ ಹೋದನಂತೆ ಎಂಬ ಸುದ್ದಿ ಬಸ್ ಸ್ಟ್ಯಾಂಡ್ ಮುಟ್ಟಲು ಹತ್ತು ನಿಮಿಷ ಸಾಕಾಯಿತು. ಅಲ್ಲಿ ಗುಂಡ್ಲುಪೇಟೆಯ ಬೆಟ್ಟಯ್ಯ ಎಂಬ ಪರಿಚಯದವನು ಸಾವಿನ ಮನೆಗೆ ಹೊರಡೋಣವೆಂದು ಟವಲು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದ್ದಾನೆ.

“ಎಲ್ಲಿಗ್ ಬೆಟ್ಟಣ್ಣ?” ಎಂದು ಟಿಕೆಟ್ ಹರಿಯುತ್ತಾ ಕಂಡಕ್ಟರು ಕೇಳಿದನಂತೆ.

ಬೆಟ್ಟಯ್ಯ ತಲೆಯೆತ್ತಿ ನೋಡಿ, “ನಿನ್ ಮಣ್ಣಿಗೇ ಕಣ್ಲಾ,” ಎಂದನಂತೆ.

ಮರಿಯಯ್ಯ ಟಿಕೆಟ್ಟಿನ ಚೀಲ ನೇತುಹಾಕಿಕೊಂಡೇ ಓಡಿಬಂದ. ಬಾಯಲ್ಲಿ ಸೀಟಿ ಹಾಗೇ ಇತ್ತು, ಏದುಸಿರು ಬಿಟ್ಟಾಗಲೆಲ್ಲ ಅದು ಪೀ ಪೀ ಎನ್ನುತ್ತಿತ್ತು. ಮಗನನ್ನು ಕಂಡ ಮೂಗಮ್ಮ ಮೊದಲು ಅವನ ಕೆನ್ನೆ ಸವರಿದಳು, ಆಮೇಲೆ ಬೆನ್ನಿಗೆ ನಾಲ್ಕು ಗುದ್ದಿದಳು. ಜನ ನಕ್ಕರು. ನಾನೂ ನಗಬಹುದಾಗಿತ್ತು. ಆದರೆ ಅವಳು ನನ್ನ ಕಡೆ ತಿರುಗಿದಳು.

“ನನ್ ಮಗ ಗುಂಡ್ಕಲ್ಲಂಗೆ ನಿಂತವ್ನೆ. ಅವ್ನಿರುವಾಗ್ಲೇ ನನ್ ಸೊಸೆ ಬಳೆ ತೆಗ್ಸೋಕೆ ನೀ ಯಾರವ್ವಾ?”

“ಇದು ಶಾಲೆ, ಮದುವೆ ಮನೆಯಲ್ಲ,” ಎಂದೆ. “ಇಲ್ಲಿ ಇರಬೇಕಾದರೆ ಇಲ್ಲಿನ ರೂಲು.”

“ನಾನೂ ಈ ಕೈಲಿ ಊರ್ ತುಂಬ ಹೆರ್ಗೆ ಮಾಡ್ಸಿವ್ನಿ. ಬಳೆ ಇಟ್ಕೊಂಡೇ ಮಾಡ್ಸಿವ್ನಿ.”

“ಎಷ್ಟು ಜನಕ್ಕೆ ಜ್ವರ ಬಂತು ಅಂತ ಅದನ್ನೂ ಹೇಳಿ.”

ಈ ಮಾತು ಆಡಬಾರದಿತ್ತು. ಮೂಗಮ್ಮನ ಮುಖ ಸಣ್ಣದಾಯಿತು. ಗುರುಮಲ್ಲಮ್ಮ ನನ್ನನ್ನೇ ನೋಡುತ್ತಿದ್ದಳು, ಒಂದೇ ಒಂದು ಮೆತ್ತನೆಯ ಮಾತಿಗೆ ಕಾಯುತ್ತಿದ್ದಳು. ನನಗೆ ಆಗ ಕಣ್ಣಿಗೆ ಕಾಣುತ್ತಿದ್ದುದು ನನ್ನ ಕೋಪ ಒಂದೇ. “ಬಳೆಯೇ ದೊಡ್ಡದಾದರೆ ಕರೆದುಕೊಂಡು ಹೋಗಿ,” ಎಂದುಬಿಟ್ಟೆ. ಅವಳು ಕರೆದುಕೊಂಡು ಹೋದಳು. ಗುರುಮಲ್ಲಮ್ಮ ಟ್ರಂಕು ಹೊತ್ತು ಗೇಟು ದಾಟುವಾಗ ಒಂದು ಸಲ ತಿರುಗಿ ನೋಡಿದಳು. ಜಗಲಿಯ ಮೇಲೆ ಏಳು ಜನ ಉಳಿದರು.

ಮೊದಲ ಎರಡು ದಿನ ಮೂಗಮ್ಮನದೇ ತಪ್ಪು ಎಂದು ಬೈದುಕೊಂಡು ಕಳೆದೆ. ಮೂರನೆಯ ದಿನ ಇನ್ನೂ ಇಬ್ಬರು ಮದುವೆಯಾದ ಹುಡುಗಿಯರ ಮನೆಯವರು ಬಂದು ಗೇಟಿನ ಹತ್ತಿರ ಗುಸುಗುಸು ಮಾತಾಡಿ ಹೋದರು. ಆ ಮಧ್ಯಾಹ್ನ ಪಾಠ ಬಿಟ್ಟ ಮೇಲೆ, ಮೂಗಮ್ಮನ ಮುಖಕ್ಕೆ ಹಿಡಿಯೋಣವೆಂದೇ ನಮ್ಮ ಪಾಠದ ಪುಸ್ತಕ ತೆಗೆದೆ. ಅದರಲ್ಲಿ ಹೀಗಿತ್ತು: ಹೆರಿಗೆಗೆ ಹೋಗುವ ಮುನ್ನ ಉಂಗುರ ಬಳೆಗಳನ್ನು ತೆಗೆದು ಮೊಣಕೈವರೆಗೆ ಕೈ ತೊಳೆಯತಕ್ಕದ್ದು.

ಹೆರಿಗೆಗೆ ಹೋಗುವ ಮುನ್ನ. ಅಷ್ಟೇ. ಊಟದ ಹೊತ್ತಿಗೆ ಎಂದಿರಲಿಲ್ಲ, ಬಟ್ಟೆ ಒಗೆಯುವಾಗ ಎಂದಿರಲಿಲ್ಲ. ಐದು ವರ್ಷದಿಂದ ಇದೇ ಪುಸ್ತಕ ಹಿಡಿದು ಪಾಠ ಹೇಳಿದವಳು ನಾನು. ದಿನವಿಡೀ ಬರಿಗೈ ಎಂಬ ರೂಲು ಪುಸ್ತಕದ್ದಲ್ಲ, ನನ್ನದು.

ಯಾಕೆ ಮಾಡಿದೆ? ಇದನ್ನು ಈಗ ಮುಚ್ಚಿಡುವುದಿಲ್ಲ. ನನಗೆ ಹತ್ತು ವರ್ಷಕ್ಕೆ ಮದುವೆಯಾಗಿತ್ತು. ಹದಿಮೂರಕ್ಕೆ ಗಂಡ ತೀರಿಹೋದ. ಅವನ ಮುಖವೇ ನನಗೆ ಸರಿಯಾಗಿ ನೆನಪಿಲ್ಲ. ಬಾವಿಕಟ್ಟೆಯ ಮೇಲೆ ಕೂರಿಸಿ ನನ್ನ ಹಸಿರು ಬಳೆ ಒಡೆದದ್ದು ಮಾತ್ರ ನೆನಪಿದೆ, ಒಂದು ಚೂರು ಚುಚ್ಚಿ ಮಣಿಕಟ್ಟಿನಲ್ಲಿ ರಕ್ತ ಬಂದದ್ದು ನೆನಪಿದೆ. ನಮ್ಮ ಅಣ್ಣ ದೊಡ್ಡಯ್ಯ ಜಗಳವಾಡಿ ನನ್ನನ್ನು ಓದಿಸಿದ, ನರ್ಸ್ ಮಾಡಿಸಿದ. ಆದರೆ ಹೋದಲ್ಲೆಲ್ಲ ಹೆಂಗಸರು ಮೊದಲು ನನ್ನ ಕೈ ನೋಡುತ್ತಿದ್ದರು, ಆಮೇಲೆ ಮುಖ. ಈ ಶಾಲೆಯ ಜಗಲಿಯಲ್ಲಿ ಮಾತ್ರ ಹಾಗಿರಲಿಲ್ಲ. ಎಂಟು ಜೊತೆ ಬರಿಗೈಗಳ ನಡುವೆ ನನ್ನದೂ ಒಂದು. ಊರವರು ನನ್ನ ಬರಿಗೈಯನ್ನು ನರ್ಸಮ್ಮನ ಶಿಸ್ತು ಎಂದುಕೊಂಡಿದ್ದರು. ನನಗೆ ಅದು ಹಿತವಾಗಿತ್ತು. ಆ ಹಿತಕ್ಕಾಗಿ ಗಂಡ ಬದುಕಿರುವ ಹುಡುಗಿಯರ ಕೈ ಬರಿದು ಮಾಡಿಸಿದ್ದೆ. ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಮುಖ ತೊಳೆದುಕೊಂಡು ನಾಳೆಯ ಬಸ್ಸಿನ ಹೊತ್ತು ವಿಚಾರಿಸಿದೆ.

ಗುಂಡ್ಲುಪೇಟೆಯ ಬಸ್ಸಿನಲ್ಲಿ ಮರಿಯಯ್ಯನೇ ಕಂಡಕ್ಟರು. ನನ್ನನ್ನು ನೋಡಿ ಹಲ್ಲು ಕಿರಿದ. “ಬನ್ನಿ ಸಿಸ್ಟ್ರೇ. ನಮ್ಮವ್ವ ಇನ್ನೂ ಕುದೀತಾ ಅವ್ಳೆ, ಉಸಾರು. ನಾನಂತೂ ಒಂದ್ಸಲ ಸತ್ ಬಂದಿವ್ನಿ, ನಂಗ್ಯಾವ್ ಭಯವೂ ಇಲ್ಲ.” ನನಗೂ ನಗು ಬಂತು. ತೆರಕಣಾಂಬಿ ದಾಟುವವರೆಗೂ ಅವನು ಸಿಕ್ಕವರಿಗೆಲ್ಲ ತನ್ನ ಸಾವಿನ ಕಥೆ ಹೇಳುತ್ತಲೇ ಇದ್ದ.

ಮೂಗಮ್ಮ ಹಿತ್ತಲಿನಲ್ಲಿ ಯಾರದೋ ಮಗುವಿಗೆ ನೀರು ಹಾಕುತ್ತಿದ್ದಳು. ಕಾಲು ನೀಡಿಕೊಂಡು ಕೂತು, ಕಾಲ ಮೇಲೆ ಮಗುವನ್ನು ಬೋರಲು ಮಲಗಿಸಿ, ಎಣ್ಣೆ ಹಚ್ಚಿದ ಬೆನ್ನನ್ನು ತಿಕ್ಕುತ್ತಿದ್ದಳು. ಗುರುಮಲ್ಲಮ್ಮ ಬಿಸಿನೀರು ಮೊಗೆದು ಕೊಡುತ್ತಿದ್ದಳು. ನನ್ನನ್ನು ನೋಡಿ ಚೆಂಬು ಹಿಡಿದೇ ಎದ್ದು ನಿಂತಳು.

“ನೀರ್ ಉಯ್ಯಮ್ಮಿ, ಮಗ ತಣ್ಣಗಾಯ್ತದೆ,” ಎಂದು ಮೂಗಮ್ಮ ಅವಳನ್ನು ಗದರಿದಳು. ನನಗೆ, “ಕಲ್ ಮ್ಯಾಲೆ ಕೂತ್ಕೊ,” ಎಂದಳು.

ಕೂತೆ. ತಪ್ಪೊಪ್ಪಿಕೊಂಡು ನನಗೆ ಅಭ್ಯಾಸವಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತು ನನ್ನ ಹರದನಹಳ್ಳಿಯ ಮಾತೇ ಬಾಯಿಗೆ ಬಂತು. “ತಪ್ಪು ನಂದು ಕಣವ್ವ. ದಿನವೆಲ್ಲ ಬಳೆ ತೆಗ್ದಿರಬೇಕು ಅಂತ ಯಾವ್ ಪುಸ್ತಕದಲ್ಲೂ ಇಲ್ಲ. ನಾನೇ ಮಾಡ್ಬುಟ್ಟೆ. ಇನ್ಮೇಲೆ ಪಾಠಕ್ಕೆ, ಊಟಕ್ಕೆ ಎಲ್ಲಾದಕ್ಕೂ ಬಳೆ ಇರ್ಲಿ. ಹೆರಿಗೆ ಕೋಣೆಗೆ ಹೋಗುವಾಗ ಮಾತ್ರ ತೆಗೀಲಿ. ಅದನ್ನ ನಾನು ಬಿಡಕ್ಕಾಗಲ್ಲ. ಪ್ರಾಣದ ವಿಷಯ.”

ಮೂಗಮ್ಮ ಮಗುವನ್ನು ಅಂಗಾತ ತಿರುಗಿಸಿದಳು. “ಹೆರ್ಗೆ ಕೋಣೇಲೇ ಬರಿಗೈಯಾ? ಈ ಲೋಕಕ್ಕೆ ಬರೋ ಮಗೀನ ಮೊದ್ಲು ಮುಟ್ಟೋದು ಬರಿಗೈ ಆಗ್ಬೇಕಾ? ಅದೊಂದ್ ನಾ ಒಪ್ಪಾಕಿಲ್ಲ. ಮಿಕ್ಕಿದ್ದಕ್ಕೆಲ್ಲ ತೆಕ್ಕೊಂಡ್ರೂ ತೆಕ್ಕೊಳ್ಲಿ.”

ನಾನು ಯಾವುದನ್ನು ಬಿಡಲಾರೆನೋ ಅದನ್ನೇ ಅವಳೂ ಬಿಡಳು. ಮಗು ಬಾಯ್ತುಂಬ ಅಳುತ್ತಿತ್ತು.

ಮೂಗಮ್ಮ ಅದಕ್ಕೆ ಸಾಮ್ರಾಣಿ ಹೊಗೆ ಹಿಡಿದು, ಬಟ್ಟೆಯಲ್ಲಿ ಸುತ್ತಿ ಸೊಸೆಯ ಕೈಗೆ ಕೊಟ್ಟು, ಒದ್ದೆ ಕೈ ಒರೆಸಿಕೊಂಡಳು. “ಎಲ್ಲೀವರ್ಗೆ ತೊಳೀತೀರಿ ನೀವು?” ಎಂದು ಕೇಳಿದಳು.

“ಮೊಣಕೈವರೆಗೆ.”

“ಅದ್ರ ಮ್ಯಾಕೆ?”

“ಅಲ್ಲಿಗೆ ರವಿಕೆ ತೋಳಿರುತ್ತದೆ. ಕೆಲಸವಿಲ್ಲ.”

ಮೂಗಮ್ಮ ಸೆರಗು ಸರಿಸಿದಳು. ಹಳೆಯ ಹೆಂಗಸರು ಹಾಕುವ ಬೆಳ್ಳಿಯ ತೋಳ್ಬಳೆ, ಸವೆದು ನುಣುಪಾದದ್ದು, ಮೊಣಕೈ ಮೇಲೆ ಕೂತಿತ್ತು. “ಇದು ನಮ್ಮತ್ತೇದು. ಬಳೆ ಮುಂಗೈಲೇ ಇರ್ಬೇಕು ಅಂತ ನಿನ್ ಪುಸ್ತಕದಲ್ಲಿ ಅದಾ?”

ಗುರುಮಲ್ಲಮ್ಮ ಮಗುವನ್ನು ಎದೆಗೊತ್ತಿಕೊಂಡು ಮೆಲ್ಲಗೆ, “ಗಾಜಿನ ಬಳೇನೂ ಅಲ್ಲಿ ಕೂರ್ತದೆ ಅತ್ತೆ, ಅಳತೆ ದೊಡ್ದಿದ್ರೆ. ಮ್ಯಾಲೆ ರವ್ಕೆ ತೋಳು ಬಿಗ್ಯಾಗಿ ಇಳ್ಸಿ ಪಿನ್ ಹಾಕಿದ್ರೆ ಒಡೆದ್ರೂ ಚೂರು ಕೆಳಕ್ ಬೀಳಾಕಿಲ್ಲ,” ಎಂದಳು. ಹುಡುಗಿ ಇದನ್ನು ಈಗ ಯೋಚಿಸಿದ್ದಲ್ಲ, ನಾಲ್ಕು ದಿನದಿಂದ ಯೋಚಿಸಿ ಇಟ್ಟುಕೊಂಡಿದ್ದಾಳೆ ಎಂದು ನನಗೆ ಗೊತ್ತಾಯಿತು. ಬೀಗದ ಕೈ ಇವಳಿಗೇ ಎಂದುಕೊಂಡದ್ದು ತಪ್ಪಾಗಿರಲಿಲ್ಲ.

ತಪಾಸಣೆಯ ಹಿಂದಿನ ದಿನ ಸಂತೆಮರಹಳ್ಳಿಯ ಬಳೆಗಾರ ನಂಜುಂಡಪ್ಪ ನಮ್ಮ ಜಗಲಿಯಲ್ಲಿ ಬಳೆಯ ಮಲಾರ ಬಿಚ್ಚಿದ. ತೋಳಿಗೆ ಗಾಜಿನ ಬಳೆ ತೊಡಿಸಿ ಎಂದಾಗ ತನ್ನನ್ನು ಗೇಲಿ ಮಾಡುತ್ತಿದ್ದಾರೆ ಎಂದುಕೊಂಡ. ಆಮೇಲೆ ಕೈಗೆ ಎಣ್ಣೆ ಸವರಿ, ಮಣಿಕಟ್ಟು ದಾಟಿಸಿ, ಮೊಣಕೈ ಮಡಚಿ ಬಿಚ್ಚಿಸಿ, ಒಂದೊಂದನ್ನೇ ಮೇಲೇರಿಸಿದ. ನಾಲ್ಕು ಬಳೆ ಒಡೆದವು. “ಲಂಬಾಣಿಗಿತ್ತೀರಂಗೆ ಕಾಣ್ತಿದ್ದೀರಿ,” ಎಂದು ಹುಡುಗಿಯರು ಒಬ್ಬರನ್ನೊಬ್ಬರು ಛೇಡಿಸಿ ನಕ್ಕರು. ಮದುವೆಯಾಗದವರೂ ತಮಗೂ ಬೇಕೆಂದು ಹಟ ಹಿಡಿದು ಹಾಕಿಸಿಕೊಂಡರು. ಎಂಟು ಜನರದು ಮುಗಿದ ಮೇಲೆ ನಂಜುಂಡಪ್ಪ ಸಹಜವಾಗಿ ನನ್ನ ಕೈ ಹಿಡಿದ. ಅವನಿಗೇನು ಗೊತ್ತು? ನನ್ನ ಬರಿಗೈ ಶಾಲೆಯ ರೂಲೆಂದೇ ಅವನೂ ತಿಳಿದಿದ್ದ. “ನನಗೆ ಬೇಡ, ಏಳಿ ಏಳಿ, ಕೆಲಸವಿದೆ,” ಎಂದು ಗದರಿಸಿ ಕೈ ಎಳೆದುಕೊಂಡೆ. ನನ್ನ ಅಳತೆಗೆಂದು ಆರಿಸಿ ತೆಗೆದಿದ್ದ ಹಸಿರು ಜೋಡಿಯನ್ನು ಅವನು ಮತ್ತೆ ಪೋಣಿಸಲಿಲ್ಲ. ಯಾರದಾದರೂ ಒಡೆದರೆ ಇರಲಿ ಎಂದು ಬೀರುವಿನಲ್ಲಿಟ್ಟು ಹೋದ. ಸೊಸೆಯನ್ನು ಬಿಡಲು ಬಂದಿದ್ದ ಮೂಗಮ್ಮ ಕಂಬಕ್ಕೊರಗಿ ಎಲೆ ಅಡಿಕೆ ಜಗಿಯುತ್ತಾ ಎಲ್ಲವನ್ನೂ ನೋಡುತ್ತಿದ್ದಳು.

ಮಾರನೆಯ ದಿನ ಮೈಸೂರಿನಿಂದ ಲೇಡಿ ಡಾಕ್ಟರು ಬಂದರು. ಕನ್ನಡಕದವರು, ಮಾತು ಕಡಿಮೆ. ಎಂಟು ಹೆಸರು ಕೂಗಿದರು, ಎಂಟು ಜನ ಓಗೊಟ್ಟರು. ಆಮೇಲೆ ಕೊಳಾಯಿಯ ಹತ್ತಿರ ನಿಂತು, ಹೆರಿಗೆಗೆ ಸಿದ್ಧವಾಗುವಂತೆ ಕೈ ತೊಳೆಯಿರಿ ಎಂದರು. ಹುಡುಗಿಯರು ಮುಂಗೈ ಬಳೆ ತೆಗೆದಿಟ್ಟು ಸೋಪು ಹಚ್ಚಿ ಬ್ರಷ್ಷಿನಿಂದ ಉಜ್ಜಿದರು. ಗುರುಮಲ್ಲಮ್ಮನ ರವಿಕೆ ತೋಳಿನ ಕೆಳಗೆ ಉಬ್ಬಿದ್ದನ್ನು ಡಾಕ್ಟರು ಕಂಡರು. ಪಿನ್ನು ತೆಗೆಸಿ ನೋಡಿದರು.

“ಇದೇನು?” ಎಂದು ಕೇಳಿದ್ದು ನನ್ನನ್ನು.

ಶಾಲೆ ಹೋಯಿತು ಎಂದೇ ನನಗೆ ಅನ್ನಿಸಿತು. “ರೂಲಿನಲ್ಲಿ ಮೊಣಕೈವರೆಗೆ ಎಂದಿದೆ ಮೇಡಂ. ಇದು ಅದರ ಮೇಲಿದೆ. ಇದಿಲ್ಲದಿದ್ದರೆ ಈ ಹುಡುಗಿಯರು ಇಲ್ಲಿರುವುದಿಲ್ಲ, ಅವರಿಲ್ಲದಿದ್ದರೆ ಆ ಹಳ್ಳಿಗಳಿಗೆ ಯಾರೂ ಹೋಗುವುದಿಲ್ಲ,” ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿತು.

ಡಾಕ್ಟರು ಗುರುಮಲ್ಲಮ್ಮನ ಮೊಣಕೈ ಹಿಡಿದು ತಿರುಗಿಸಿ, ಮಡಿಸಿ, ಉಗುರಿನ ಸಂದಿಯನ್ನೆಲ್ಲ ನೋಡಿದರು. ತಾವು ವಾರ್ಡಿಗೆ ಹೋಗುವ ಮುನ್ನ ಕೈಚೀಲಕ್ಕೆ ಹಾಕಿಕೊಂಡಿದ್ದ ಎರಡು ಚಿನ್ನದ ಬಳೆಗಳನ್ನು ಹೊರತೆಗೆದು ಒಂದನ್ನು ಮೊಣಕೈ ಮೇಲೇರಿಸಲು ನೋಡಿದರು. ಅದು ಅರ್ಧದಲ್ಲೇ ಸಿಕ್ಕಿಕೊಂಡಿತು. “ನನಗೆ ಅಳತೆ ಸಾಲದು,” ಎಂದು ನಕ್ಕು, ಕಾಗದದ ಮೇಲೆ ಬರೆದರು: ಎಂಟು ಜನ ಹಾಜರು, ಕೈ ಶುಚಿ, ಶಾಲೆ ಮುಂದುವರಿಯಲಿ. ಆ ಕಾಗದವನ್ನು ನಾನು ಮೂರು ಸಲ ಓದಿದೆ. ಅಷ್ಟು ಸಂತೋಷ ನನಗೆ ಅದಕ್ಕೆ ಮುಂಚೆ ಯಾವತ್ತೂ ಆಗಿರಲಿಲ್ಲ.

ಕಾರು ಹೋದ ಮೇಲೆ ಹುಡುಗಿಯರು ಮೂಗಮ್ಮನ ಹುರಿಹಿಟ್ಟಿಗೆ ಬೆಲ್ಲ ಕಲಸಿಕೊಂಡು ಗದ್ದಲ ಮಾಡುತ್ತಿದ್ದರು. ಮೂಗಮ್ಮ ಕೋಣೆಗೆ ಬಂದು, ಬೀರುವಿನಿಂದ ಹಸಿರು ಜೋಡಿ ತೆಗೆದು, ನನ್ನ ಮುಂದೆ ಕೂತಳು.

“ಕೈ ನೀಡು,” ಎಂದಳು.

“ಬೇಡ ಮೂಗವ್ವ. ನಿನಗೆ ಗೊತ್ತಿಲ್ಲ. ನಾನು ಹದಿಮೂರಕ್ಕೇ...”

“ಗೊತ್ತು. ಆವತ್ತು ಜಗ್ಳ ಆಡುವಾಗ್ಲೇ ಗೊತ್ತಾಯ್ತು.” ಅವಳು ನನ್ನ ಮಣಿಕಟ್ಟನ್ನು ಬೆಳಕಿಗೆ ತಿರುಗಿಸಿದಳು. “ಆ ಹುಡ್ಗೀರ್ ಕೈಲಿ ಬಳೆ ತೆಗ್ದಿದ್ರೂ ಬಳೆ ಗುರ್ತು ಇತ್ತು. ನಿನ್ ಕೈಲಿ ಅದೂ ಇಲ್ಲ. ಗಾಯದ್ ಕಲೆ ಒಂದದೆ ಅಷ್ಟೇಯ.”

ನಾನೂ ಆ ಕಲೆಯನ್ನೇ ನೋಡಿದೆ.

“ಮುಂಗೈಗಾದ್ರೆ ಜನ ಏನಾರ ಅಂತಾರೆ. ಇದು ತೋಳು, ಸೆರಗಿನ್ ಮರೆ. ಸ್ಕೂಲ್ನಲ್ಲಿ ಎಲ್ಲಾರ್ಗೂ ಒಂದೇ ರೂಲು ಅಂತ ನೀನೇ ತಾನೆ ಕೂಗಾಡಿದ್ದು?” ಎಂದು ಹೇಳುತ್ತಲೇ ಎಣ್ಣೆ ಸವರಿದಳು. ಸೂಲಗಿತ್ತಿಯ ಕೈ ಅದು. ನೋವೇ ಆಗದಂತೆ ಬಳೆ ಮಣಿಕಟ್ಟು ದಾಟಿತು, ಮೊಣಕೈ ದಾಟಿತು. ನಾನು ಕೈ ಎಳೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಹೊರಗೆ ಗಾಡಿಯ ಸದ್ದಾಯಿತು. ಬದನಗುಪ್ಪೆಯಿಂದ ನೋವು ಬಂದ ಬಸುರಿಯನ್ನು ಕರೆತಂದಿದ್ದರು. ಗುರುಮಲ್ಲಮ್ಮ ಮುಂದೆ, ನಾನು ಹಿಂದೆ. ರವಿಕೆಯ ತೋಳು ಇಳಿಸಿ ಪಿನ್ನು ಹಾಕಿಕೊಂಡು, ಸೋಪು ಹಚ್ಚಿ ಮೊಣಕೈವರೆಗೆ ಉಜ್ಜಿ ತೊಳೆದೆ. ಬಿಸಿಲು ಇಳಿಯುವ ಮುಂಚೆ ಹೆಣ್ಣು ಮಗು ಹುಟ್ಟಿತು. ಗುರುಮಲ್ಲಮ್ಮ ತಾಯಿಯ ಹೊಟ್ಟೆ ಒತ್ತಿ ಹಿಡಿದಿದ್ದಳು, ಆದ್ದರಿಂದ ಮಗುವನ್ನು ಈಸಿಕೊಂಡದ್ದು ನಾನು. ಅದಕ್ಕೂ ಮುಂಚೆ ನೂರಾರು ಮಕ್ಕಳನ್ನು ಈಸಿಕೊಂಡಿದ್ದೆ. ಬರಿಗೈಯಲ್ಲದ ಕೈಯಲ್ಲಿ ಈಸಿಕೊಂಡದ್ದು ಇದೇ ಮೊದಲು.